ಅಕಿನಿಯನ್ನು ಕೊಟ್ಟು ನೆಕೇಸಾಳನ್ನು ತಂದರು

ಸೆಪ್ಟೆಂಬರ್ 7, ಭಾನುವಾರ

ನಮ್ಮ ಹಾಕಿ ಟೀಮಿನ ಗೋಲ್‌ಕೀಪರ್ ಅಕಿನಿ ಇವತ್ತು ಮೂರು ಗೋಲು ಬಿಟ್ಟಳು. ಮೂರೂ ಬಲಗಡೆಯೇ. ಮೂರು ಸಲವೂ ನಾನು ಹಿಂದಿನಿಂದ "ಬಲಕ್ಕೆ!" ಅಂತ ಕೂಗಿದ್ದೆ. ಅವಳಿಗೆ ಕೇಳಿಸಿತ್ತು, ಮೈ ಆ ಕಡೆ ವಾಲಿತ್ತು ಕೂಡ. ಮಂಡಿ ಮಾತ್ರ ಜೊತೆಗೆ ಬರಲಿಲ್ಲ. ಮೂವತ್ತೆಂಟು ವರ್ಷದ ಮಂಡಿ. ಮೊದಲಿನ ಹಾಗಿದ್ದಿದ್ದರೆ ಮೂರನ್ನೂ ಪ್ಯಾಡ್‌ನಲ್ಲೇ ಒದ್ದು ಹಾಕುತ್ತಿದ್ದಳು.

ಆಟ ಮುಗಿದ ಮೇಲೆ ಹೆಲ್ಮೆಟ್ ತೆಗೆದು ತಂತಿ ಬೇಲಿಗೆ ಒರಗಿ ಕೂತಳು. ಆಚೆ ಅವಳು, ಈಚೆ ನಾನು.

"ಮಾಮಾ ವೀನೊ, ನೀನು ಕೂಗಿದ್ದು ಸರಿಯಾಗಿತ್ತು. ನನ್ನ ಕಾಲು ಕೊನೇ ಟ್ರಿಪ್ಪಿನ ಮಟಾಟು ವ್ಯಾನ್ ಆಗಿದೆ. ಬರುತ್ತೆ, ಆದರೆ ಅದಕ್ಕೆ ಬೇಕಾದಾಗ."

"ಪೋಲೆ," ಅಂದೆ. ಇಲ್ಲಿಯವರು ಸಮಾಧಾನಕ್ಕೆ ಹೇಳುವ ಮಾತು, ದೊಡ್ಡ ಹೆಂಗಸರನ್ನ ಅಮ್ಮ ಅನ್ನೋಕೆ 'ಮಾಮಾ' ಅನ್ನೋ ಹಾಗೆ.

"ಪೋಲೆ ಆಮೇಲೆ. ಹಳದಿ ಅನ್ನ ಎಲ್ಲಿ?"

ಚಿತ್ರಾನ್ನದ ಡಬ್ಬಿಯನ್ನ ಬೇಲಿ ಮೇಲಿಂದ ದಾಟಿಸಿದೆ. ಅವಳು ತಿಂದಿದ್ದು ನೋಡಿ ಸ್ವಲ್ಪ ಸಮಾಧಾನ ಆಯಿತು. ಆದರೆ ಕೋಚ್ ಮುತುವಾ ದೂರದಲ್ಲಿ ನಿಂತು ಅವಳ ಮಂಡಿಯನ್ನೇ ನೋಡುತ್ತಿದ್ದ. ಆ ನೋಟ ನನಗೆ ಹಿಡಿಸಲಿಲ್ಲ.

ಎರಡು ವರ್ಷದ ಹಿಂದೆ ಕಂಪನಿಯವರು ಇವರನ್ನ ಕೀನ್ಯಾಗೆ ಹಾಕಿದಾಗ ಲೊರೆಶೋದ ಈ ಮನೆಯಲ್ಲಿ ನಾನು ಮಾತಾಡದೆ ಮಾತಾಡದೆ ಗಂಟಲೇ ಕಟ್ಟಿಹೋಗಿತ್ತು. ಒಂದು ಭಾನುವಾರ ಸಿಟಿ ಪಾರ್ಕ್ ಪಕ್ಕ ಕಾರಿನಲ್ಲಿ ಹೋಗುವಾಗ ಕೋಲಿಗೆ ಚೆಂಡು ತಾಗಿದ ಸದ್ದು ಕೇಳಿಸಿತು. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಬೆಳೆದವಳಿಗೆ ಆ ಸದ್ದು ಗೊತ್ತಾಗದೇ ಇರುತ್ತಾ? ಅಮ್ಮ ಹಾಸಿಗೆ ಹಿಡಿದು ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಡೋವರೆಗೂ ನಾನೇ ಸ್ಕೂಲ್ ಟೀಮಿನ ಗೋಲಿ. ಅವತ್ತಿಂದ ಪಾರ್ಕ್‌ವ್ಯೂ ಕ್ಲಬ್ಬಿನ ಹುಡುಗೀರ ಮ್ಯಾಚ್ ಒಂದೂ ಬಿಟ್ಟಿಲ್ಲ. ನಮ್ಮ ಗೋಲಿನ ಹಿಂದೆಯೇ ಕೂರುತ್ತೀನಿ, ಹಾಫ್‌ಟೈಮ್‌ನಲ್ಲಿ ಅವರ ಜೊತೆ ನಾನೂ ಕಡೆ ಬದಲಾಯಿಸುತ್ತೀನಿ. ಅಲ್ಲಿ ಕೂತರೆ ಅವಳ ಎಡವೇ ನನ್ನ ಎಡ, ಅವಳ ಬಲವೇ ನನ್ನ ಬಲ. ಗಾಬರಿಯಲ್ಲಿ ನನ್ನ ಬಾಯಿಂದ ಕನ್ನಡವೇ ಬರುತ್ತೆ. ಕೇಳಿ ಕೇಳಿ ಅಕಿನಿ ಕಲಿತುಬಿಟ್ಟಳು. ಎದುರು ಪಾರ್ಟಿಗೆ ಒಂದಕ್ಷರ ತಿಳಿಯಲ್ಲ.

ಜೂನ್‌ನಲ್ಲಿ ಇವರು ದಾರ್ ಎಸ್ ಸಲಾಮ್ ಪ್ರಾಜೆಕ್ಟಿಗೆ ಹೋದ ಮೇಲಂತೂ ವಾರಪೂರ್ತಿ ನಾನು ಜೋರಾಗಿ ಆಡುವ ಮಾತು ಅಂದರೆ ಎಡಕ್ಕೆ, ಬಲಕ್ಕೆ, ಆ ಎರಡೇ.

ಇವತ್ತೂ ಮ್ಯಾಚಿಗೆ ಹೊರಟು ಬಸ್ ಸ್ಟಾಪ್‌ವರೆಗೆ ಹೋಗಿ, ವಾಪಸ್ ಬಂದು, ಗ್ಯಾಸ್ ಆಫ್ ಆಗಿದೆಯಾ ನೋಡಿದೆ. ಆಗಿತ್ತು. ಯಾವಾಗಲೂ ಆಗೇ ಇರುತ್ತೆ.

ಸೆಪ್ಟೆಂಬರ್ 10, ಬುಧವಾರ

ಅನ್ಕೊಂಡಿದ್ದೆ. ಅನ್ಕೊಂಡಿದ್ದೇ ಆಯಿತು.

ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ಮುತುವಾ ಹಾಕಿದಾನೆ. ಅಕಿನಿ ಲಂಗಾಟಾ ಕ್ಲಬ್ಬಿಗೆ, ಅಲ್ಲಿಯ ನೆಕೇಸಾ ನಮ್ಮಲ್ಲಿಗೆ. ಅದಲುಬದಲು. ಇಲ್ಲಿ ಹೆಂಗಸರ ಲೀಗಿನಲ್ಲಿ ದುಡ್ಡು ಕೊಡೋದು ತಗೊಳ್ಳೋದು ಏನೂ ಇಲ್ಲ, ಎರಡು ಕೋಚ್‌ಗಳು ಒಪ್ಪಿ ಆಟಗಾರ್ತಿ ಹೂಂ ಅಂದರೆ ಮುಗೀತು. ಕೆಳಗೆ ಎಲ್ಲರೂ ಚಪ್ಪಾಳೆ ಚಿತ್ರ ಹಾಕಿದಾರೆ. ಅದರ ಕೆಳಗೆ, ಅಕಿನಿ ಗ್ರೂಪ್ ಬಿಟ್ಟಳು ಅಂತ ಬೂದು ಬಣ್ಣದಲ್ಲಿ ಒಂದು ಸಾಲು.

ನೆಕೇಸಾ ಯಾರು ಅಂತ ನನಗೆ ಗೊತ್ತಿಲ್ವಾ! ಒಂದು ಕಾಲದಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿದರೆ ಅವಳು ಹೊಡೆದಳು ಅಂತಲೇ ಲೆಕ್ಕ. ಈ ಸೀಸನ್ನಿನಲ್ಲಿ ಒಂದೂ ಇಲ್ಲ. ನಮ್ಮವಳು ಗೋಲು ತಡೆಯಲ್ಲ, ಅವರವಳು ಗೋಲು ಹೊಡೆಯಲ್ಲ. ಅಕ್ಕಪಕ್ಕದ ಮನೆಯವರು ಗ್ಯಾಸ್ಕೆಟ್ ಹೋದ ಕುಕ್ಕರ್‌ಗಳನ್ನ ಬದಲಾಯಿಸಿಕೊಂಡ ಹಾಗಾಯಿತು. ಪಕ್ಕದ ಒಲೆ ಮೇಲೆ ಇಟ್ಟರೆ ಸೀಟಿ ಹೊಡೆಯುತ್ತಾ?

ಅಕಿನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ನನ್ನ ಮೇಲೆ ಕೋಪ ಇರಬಹುದಾ? ನಾನು ಜೋರಾಗಿ ಕೂಗಿದ್ದರಿಂದಲೇ ಅವಳು ಮಂಡಿ ಜಾಸ್ತಿ ಬಗ್ಗಿಸಿದಳಾ?

ಸೆಪ್ಟೆಂಬರ್ 11, ಗುರುವಾರ

ಇವರಿಗೆ ಫೋನಿನಲ್ಲಿ ಹೇಳಿದೆ.

"ವಿನೂ, ಊಟ ಮಾಡಿದ್ಯಾ?" ಅಂದರು.

"ಅಕಿನೀನ ಕೊಟ್ಟುಬಿಟ್ರು ರೀ."

"ಯಾರು ಅಕಿನಿ? ಕೆಲಸದವಳಾ?"

"ಕೆಲಸದವಳು ಜೆನಿಫರ್. ಅಕಿನಿ ನಮ್ಮ ಗೋಲಿ."

"ಓ ಹಾಕಿ. ಅಯ್ಯೋ, ಯಾರೋ ಆಡ್ತಾರೆ, ಯಾರೋ ಹೋಗ್ತಾರೆ. ಬಿಪಿ ಮಾತ್ರೆ ತಗೊಂಡ್ಯಾ?"

ತಗೊಂಡೆ ಅಂದೆ. ಆಮೇಲೆ ತಗೊಂಡೆನೋ ಇಲ್ಲವೋ ಅಂತ ಅನುಮಾನ ಬಂದು ಶೀಟ್ ತೆಗೆದು ನೋಡುತ್ತಾ ಕೂತೆ.

ಸೆಪ್ಟೆಂಬರ್ 14, ಭಾನುವಾರ

ಹೋಗಬಾರದು ಅಂತಿದ್ದೆ, ಹೋದೆ.

ಹೊಸ ಗೋಲಿ ವಂಜಿರು, ಕಾಲೇಜು ಹುಡುಗಿ. ನಾನು ಎಂದಿನ ಜಾಗದಲ್ಲಿ ಕೂತು ಒಂದೇ ಸಲ "ಎಡಕ್ಕೆ" ಅಂದಿದ್ದು. ತಿರುಗಿ ನೋಡಿದಳು. "ಆಂಟಿ, ಪ್ಲೀಸ್. ಹಿಂದೆ ಯಾರೋ ಕಿರುಚಿದರೆ ನನಗೆ ಭಯ ಆಗುತ್ತೆ." ಬೈಯಲಿಲ್ಲ, ಮರ್ಯಾದೆಯಾಗೇ ಕೇಳಿದಳು. ಎದ್ದು ಪಕ್ಕದ ಮೆಟ್ಟಿಲಿಗೆ ಹೋಗಿ ಕೂತೆ. ಅಲ್ಲಿಂದ ಎಡ ಎಲ್ಲಿ, ಬಲ ಎಲ್ಲಿ? ಎಲ್ಲ ಅಡ್ಡಡ್ಡ ಕಾಣುತ್ತೆ.

ನೆಕೇಸಾಗೆ ನಾಲ್ಕು ಪೆನಾಲ್ಟಿ ಕಾರ್ನರ್ ಸಿಕ್ಕವು. ಗೋಲ್ ಲೈನಿನಿಂದ ಚೆಂಡು ತಳ್ಳುತ್ತಾರೆ, ಒಬ್ಬಳು ನಿಲ್ಲಿಸುತ್ತಾಳೆ, ಇವಳು ಓಡಿಬಂದು ಕೋಲಿನಲ್ಲಿ ಎಳೆದು ಬೀಸುತ್ತಾಳೆ. ನಾಲ್ಕನ್ನೂ ಎದುರಾಳಿ ಗೋಲಿ ತಡೆದಳು. ಆ ಮೊಣಕೈ ಇನ್ನೂ ಹಾಗೇ ಇರಬೇಕು. ಗೋಲಿಯ ಬಲಕ್ಕೆ ಹೊಡೆಯುವ ಮುಂಚೆ ಎಡ ಮೊಣಕೈ ಕೋಳಿ ರೆಕ್ಕೆ ಥರ ಎದ್ದು ನಿಲ್ಲುತ್ತೆ. ಎಡಕ್ಕಾದರೆ ಮೈಗೆ ಅಂಟಿಕೊಂಡಿರುತ್ತೆ. ಅವಳು ಎದುರು ಪಾರ್ಟಿಯಲ್ಲಿದ್ದಾಗ, ಹೋದ ವರ್ಷವೇ ನೋಡಿ ಇಟ್ಟುಕೊಂಡಿದ್ದೆ. ಎದುರಿಂದ ನೋಡಿದವರಿಗೆಲ್ಲ ಕಾಣುತ್ತೆ.

ಅವಳು ಹೊಡೆಯದೇ ಇದ್ದಾಗ ನನಗೆ ಒಳಗೊಳಗೇ ಖುಷಿ ಆಯಿತು. ನಮ್ಮ ಟೀಮೇ ಸೋಲುತ್ತಿತ್ತು, ಆದರೂ.

ಆಟ ಆದ ಮೇಲೆ ಅವಳು ಒಬ್ಬಳೇ ಕೂತು ಶೂ ಬಿಚ್ಚುತ್ತಿದ್ದಳು. ಹುಡುಗೀರೆಲ್ಲ ಒಂದು ಗುಂಪು. ಅವಳ ಪಕ್ಕದಲ್ಲಿ ಒಂದು ನೀರಿನ ಬಾಟಲಿ ಬಿಟ್ಟರೆ ಯಾರೂ ಇಲ್ಲ. ಡಬ್ಬಿ ನನ್ನ ತೊಡೆ ಮೇಲೆ ಇತ್ತು. ಕೊಡಲಿಲ್ಲ. ಮುಚ್ಚಳ ತೆಗೆದು ಹಾಗೇ ಕೂತಿದ್ದೆ. ಪಾರ್ಕಿನ ಕೋತಿ ಬಂದು ಒಂದು ಹಿಡಿ ಬಾಚಿಕೊಂಡು ಹೋಯಿತು.

ಸೆಪ್ಟೆಂಬರ್ 19, ಶುಕ್ರವಾರ

ಅಕಿನಿ ಮೆಸೇಜ್. ಎಕ್ಸ್‌ಟ್ರಾ ಶಿಫ್ಟ್ ಇತ್ತಂತೆ, ಅದಕ್ಕೆ ಫೋನ್ ಎತ್ತಲಿಲ್ಲವಂತೆ. ಲಂಗಾಟಾದಲ್ಲಿ ಗೋಲಿನ ಹಿಂದೆ ಯಾರೂ ಕೂರಲ್ಲವಂತೆ. "ತುಂಬಾ ನಿಶ್ಶಬ್ದ ಮಾಮಾ. ಮೊದಲ ದಿನ ಕಷ್ಟ ಆಯಿತು. ಈಗ ನಾನೇ ನೋಡಿಕೊಳ್ಳುವುದನ್ನು ಕಲಿಯುತ್ತಿದ್ದೇನೆ."

ಒಳ್ಳೇದೇ ಅಲ್ವಾ. ಒಳ್ಳೇದೇ.

ಸೆಪ್ಟೆಂಬರ್ 28, ಭಾನುವಾರ

ರುಂಡಾದಲ್ಲಿ ಕಮಲಾಕ್ಷಿಯವರ ಮನೆ ಗೊಂಬೆ ಹಬ್ಬ. ಮ್ಯಾಚ್ ಬಿಟ್ಟು ಹೋದೆ. ಒಂಬತ್ತು ಮೆಟ್ಟಿಲು ಗೊಂಬೆ, ಪಟ್ಟದ ಗೊಂಬೆಗಳ ಪಕ್ಕ ಮರದ ಜಿರಾಫೆ. ಚೆನ್ನಾಗಿತ್ತು.

"ಏನ್ ವಿನೋದಿನಿ, ಈ ವಾರ ನಿಮ್ಮ ಹಾಕಿಗೆ ರಜಾನಾ?" ಕಮಲಾಕ್ಷಿ ಎಲ್ಲರ ಮುಂದೆ ಕೇಳಿದರು.

ಹೊಸದಾಗಿ ಬಂದಿರೋ ನಮಿತಾ ಕಣ್ಣರಳಿಸಿ, "ಹಾಕಿ ಆಡ್ತೀರಾ ಆಂಟಿ?"

"ಆಡಲ್ಲಮ್ಮ, ಕೂಗ್ತಾರೆ! ಕೀನ್ಯಾದವರಿಗೆ ಕನ್ನಡ ಕಲಿಸ್ತಿದಾರೆ. ನಮ್ಮ ಮಕ್ಕಳಿಗೇ ನಮಗೆ ಕಲಿಸಕ್ಕಾಗಿಲ್ಲ, ಇವರೇ ವಾಸಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆಮೇಲೆ ಅಪಾರ್ಟ್‌ಮೆಂಟ್, ಸ್ಕೂಲ್ ಅಡ್ಮಿಷನ್, ಯಾವ ಏರ್‌ಲೈನ್‌ನಲ್ಲಿ ಲಗೇಜ್ ಜಾಸ್ತಿ ಬಿಡ್ತಾರೆ ಅಂತ ಮಾತು. ಅರ್ಧ ಇಂಗ್ಲಿಷು. ನನಗೆ ತಿಳಿಯಲ್ಲ ಅಂತಲ್ಲ, ನಡುವೆ ನುಗ್ಗೋಕೆ ಬರಲ್ಲ.

ಸೆರಗಿನ ಅಡಿಯಲ್ಲಿ ಫೋನ್ ಇಟ್ಟುಕೊಂಡು ಕ್ಲಬ್ಬಿನ ಗ್ರೂಪ್ ನೋಡುತ್ತಿದ್ದೆ. ಸೊನ್ನೆ-ಸೊನ್ನೆ. ನೆಕೇಸಾ ಹೊಡೆದದ್ದು ಕಂಬಕ್ಕೆ ಬಡಿಯಿತಂತೆ. ಯಾವ ಕಂಬ? ಯಾರೂ ಬರೆದಿಲ್ಲ. ಎಡವಾ, ಬಲವಾ?

ಅಕ್ಟೋಬರ್ 5, ಭಾನುವಾರ

ಬರೆಯೋಕೇ ಇಷ್ಟ ಇಲ್ಲ. ಆದರೂ ಬರೆದು ಮುಗಿಸಿಬಿಡಬೇಕು.

ಇವತ್ತು ಲಂಗಾಟಾದವರ ಜೊತೆ. ಸೋತರೆ ನಾವು ಕೊನೆಯಿಂದ ಎರಡನೆಯವರು, ಕೆಳಗಿನ ಡಿವಿಷನ್ ಬಾಗಿಲಲ್ಲಿ. ಅಕಿನಿ ಹಳದಿ ಅಂಗಿಯಲ್ಲಿ ಬಂದಳು. ದೂರದಿಂದಲೇ ಗ್ಲೌಸ್ ಎತ್ತಿ ಆಡಿಸಿದಳು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಅವಳ ಗೋಲಿನ ಹಿಂದೆ ಹೋಗಿ ಕೂತೆ. ಸುಮ್ಮನೆ ಕೂತಿರ್ತೀನಿ, ಹತ್ತಿರದಿಂದ ನೋಡ್ತೀನಿ, ಅಷ್ಟೇ ಅನ್ಕೊಂಡೆ. ನಿಜವಾಗಲೂ ಸುಮ್ಮನೇ ಇದ್ದೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

ಕೊನೇ ಕ್ವಾರ್ಟರ್. ಅವರು ಒಂದು, ನಾವು ಸೊನ್ನೆ. ಆಟ ಮುಗಿಯೋ ಹೊತ್ತಿಗೆ ನಮಗೆ ಪೆನಾಲ್ಟಿ ಕಾರ್ನರ್. ನೆಕೇಸಾ ಬಂದು ನಿಂತಳು. ಚೆಂಡು ಬಂತು. ಅವಳ ಮೊಣಕೈ ಎದ್ದಿತು.

"ಬಲಕ್ಕೆ!"

ಕೂಗಿದ್ದು ನಾನು. ನನ್ನದೇ ಬಾಯಿ. ಅಕಿನಿ ಯೋಚನೆ ಮಾಡಲೇ ಇಲ್ಲ, ಬಲಕ್ಕೆ ಬಿದ್ದಳು, ಆ ಕೆಟ್ಟ ಮಂಡಿ ಮೇಲೇ. ಚೆಂಡು ಗ್ಲೌಸಿಗೆ ತಾಗಿ ಆಚೆ ಹೋಯಿತು. ಸೀಟಿ. ಮುಗೀತು.

ಅಕಿನಿ ಬಿದ್ದಲ್ಲಿಂದಲೇ ತಿರುಗಿ, "ಅಸಾಂಟೆ, ಮಾಮಾ ವೀನೊ!" ಅಂತ ಕೂಗಿ ಥ್ಯಾಂಕ್ಸ್ ಹೇಳಿ ನಕ್ಕಳು. ಎಲ್ಲರಿಗೂ ಕೇಳಿಸಿತು. ಎಲ್ಲರೂ ನನ್ನ ಕಡೆ ತಿರುಗಿದರು. ಮುತುವಾ ಬೇಲಿ ಹತ್ತಿರ ಬಂದ. "ಮಾಮಾ, ನೀನು ಯಾವ ಟೀಮಿನವಳು?" ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ನೆಕೇಸಾ ಕೋಲಿಗೆ ಒರಗಿ ನಿಂತು ನನ್ನನ್ನೇ ನೋಡಿದಳು. ನಾನು ಎದ್ದು ಓಡಿದೆ. ಡಬ್ಬಿ ಅಲ್ಲೇ ಬಿಟ್ಟೆ.

ಅಕ್ಟೋಬರ್ 6, ಸೋಮವಾರ

ಏನೂ ಬರೆಯಲ್ಲ.

ಅಕ್ಟೋಬರ್ 7, ಮಂಗಳವಾರ

ಗ್ರೂಪಿನಲ್ಲಿ ಯಾರೋ ಕನ್ನಡದ ಗೂಢಚಾರಿಣಿ ಅಂತ ತಮಾಷೆ ಮಾಡಿದಾರೆ. ಗ್ರೂಪ್ ಬಿಟ್ಟೆ. ಈಗ ನನ್ನ ಹೆಸರಿನ ಬೂದು ಸಾಲೂ ಅಲ್ಲಿ ಇರುತ್ತೆ.

ಭಾನುವಾರದ ಕಥೆಯೆಲ್ಲ ಕೇಳಿ ಇವರು ಫೋನಿನಲ್ಲಿ, "ಒಬ್ಬಳೇ ಅಲ್ಲಿ ಕೂತು ಯಾಕೆ ಕೊರಗ್ತೀಯ? ದೀಪಾವಳಿಗೆ ಬೆಂಗಳೂರಿಗೆ ಹೋಗು, ನಿಮ್ಮಕ್ಕನ ಮನೇಲಿರು. ಪ್ರಾಜೆಕ್ಟ್ ಮುಗಿಯೋದು ಮಾರ್ಚ್ ಆಗುತ್ತೆ," ಅಂದರು. ಹೂಂ ಅಂದೆ. ಹದಿನೇಳನೇ ತಾರೀಖಿಗೆ ಟಿಕೆಟ್ ಮಾಡಿಸ್ತಾರಂತೆ.

ಜೆನಿಫರ್ ಕೇಳಿದಳು, "ಹೋದರೆ ವಾಪಸ್ ಬರ್ತೀಯಾ ಮಾಮಾ?"

"ಬರ್ತೀನಿ."

"ಬರೋರು ಅಷ್ಟೊಂದು ಉಪ್ಪಿನಕಾಯಿ ಪಕ್ಕದ ಮನೆಗೆ ಕೊಡಲ್ಲ."

ಅಕ್ಟೋಬರ್ 11, ಶನಿವಾರ

ಬೆಳಿಗ್ಗೆ ಗೇಟು ಕಾಯೋ ಅಸ್ಕಾರಿ ಇಂಟರ್‌ಕಾಮ್‌ನಲ್ಲಿ ಯಾರೋ ಬಂದಿದ್ದಾರೆ ಅಂದ. ಜೆನಿಫರ್ ಕಿಟಕಿಯಿಂದ ಇಣುಕಿ, "ಜಗಳಕ್ಕೇ ಬಂದಿರೋದು ಮಾಮಾ. ಕೋಲೂ ತಂದಿದಾಳೆ!" ಅಂದಳು.

ನೆಕೇಸಾ. ಒಂದು ಕೈಯಲ್ಲಿ ಹಾಕಿ ಕೋಲು, ಇನ್ನೊಂದರಲ್ಲಿ ನನ್ನ ಸ್ಟೀಲ್ ಡಬ್ಬಿ. ವಿಳಾಸ ಅಕಿನಿ ಕೊಟ್ಟಳಂತೆ. ಒಳಗೆ ಕರೀಬೇಕಾ, ಕ್ಷಮೆ ಕೇಳಬೇಕಾ, ಯಾವುದು ಮೊದಲು ಗೊತ್ತಾಗದೆ, "ಟೀ?" ಅಂದೆ.

"ಟೀ ಆಮೇಲೆ. ಬೈಯೋಕೆ ಬಂದಿಲ್ಲ. ಚೆಂಡು ನನ್ನ ಕೋಲು ಬಿಡೋ ಮುಂಚೆಯೇ ನೀನು ಕೂಗಿದೆ. ಹೇಗೆ ಗೊತ್ತಾಯಿತು?"

ನನ್ನ ಇಂಗ್ಲಿಷಿನಲ್ಲಿ ಹೇಳೋಕೆ ಬರಲಿಲ್ಲ. ನನ್ನ ಮೊಣಕೈಯನ್ನೇ ರೆಕ್ಕೆ ಥರ ಎತ್ತಿ ತೋರಿಸಿದೆ. ಆಮೇಲೆ ಮೈಗೆ ಅಂಟಿಸಿ ತೋರಿಸಿದೆ. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಹಾಗಾದರೆ ಎಲ್ಲ ಗೋಲಿಗಳಿಗೂ ಗೊತ್ತು. ಇಡೀ ಸೀಸನ್ ನಾನು ಹೊಡೆಯೋ ಮುಂಚೆ ಅವರಿಗೆ ಹೇಳಿ ಹೊಡೀತಿದ್ದೆ. ನನಗೆ ಯಾರೂ ಹೇಳಲಿಲ್ಲ. ಮುತುವಾನೂ ಹೇಳಲಿಲ್ಲ."

"ಅವನು ಪಕ್ಕದಿಂದ ನೋಡ್ತಾನೆ. ನಾನು ಎದುರಿಂದ."

"ನಿನಗೆ ಯಾವಾಗಿಂದ ಗೊತ್ತು?"

"ಹೋದ ವರ್ಷದಿಂದ."

ಕೋಲನ್ನ ಮೆಟ್ಟಿಲ ಮೇಲೆ ಅಡ್ಡ ಇಟ್ಟಳು. "ನಾನು ಬಂದ ಮೊದಲ ಭಾನುವಾರವೇ ಹೇಳಬಹುದಿತ್ತಲ್ಲ. ಆಗ ನಾನು ನಿನ್ನ ಕಡೆಯವಳೇ ಆಗಿದ್ದೆನಲ್ಲ?"

ಸುಳ್ಳು ಹೇಳೋಕೆ ಇಂಗ್ಲಿಷ್ ಇನ್ನೂ ಚೆನ್ನಾಗಿ ಬರಬೇಕು. "ನನಗೆ ಅಕಿನಿ ಬೇಕಿತ್ತು," ಅಂದೆ.

"ನನಗೆ ಲಂಗಾಟಾ ಬೇಕಿತ್ತು," ಅಂದಳು ಅವಳು. "ನನ್ನ ಮಗಳು ಹುಟ್ಟೋ ಮುಂಚಿನಿಂದ ಅಲ್ಲೇ ಆಡಿದ್ದೆ. ಈಗ ನನ್ನ ಲಾಕರ್‌ನಲ್ಲಿ ನಿನ್ನ ಅಕಿನಿ ಪ್ಯಾಡ್ ಇಡ್ತಾಳೆ. ಇಲ್ಲಿ ನನಗೆ ಲಾಕರ್ ಕೊಟ್ಟಿಲ್ಲ, ಚೀಲ ಕಾಲ ಹತ್ತಿರ ಇಟ್ಟುಕೊಂಡು ಕೂರ್ತೀನಿ."

ನನಗೆ ಆ ನೀರಿನ ಬಾಟಲಿ ನೆನಪಾಯಿತು. ಒಳಗೆ ಹೋಗಿ ಒಗ್ಗರಣೆ ಹಾಕಿದೆ. ನಿಂಬೆಹಣ್ಣು ಒಂದೇ ಇತ್ತು, ಸಾಲದು, ಆದರೂ ಕಲಸಿದೆ.

ಎರಡು ತುತ್ತು ತಿಂದು, "ಉಪ್ಪು ಕಮ್ಮಿ," ಅಂದಳು.

ಅಕಿನಿ ಒಂದು ದಿನವೂ ಹಾಗೆ ಅಂದಿರಲಿಲ್ಲ. ಉಪ್ಪಿನ ಡಬ್ಬಿ ತಂದು ಮುಂದೆ ಇಟ್ಟೆ. ನಿಜವಾಗಲೂ ಕಮ್ಮಿಯೇ ಇತ್ತು. ಬಿಪಿ ಬಂದ ಮೇಲೆ ನಾನು ಕಮ್ಮಿ ಹಾಕಿ ಹಾಕಿ ಅಭ್ಯಾಸ.

ಆಮೇಲೆ ನಡೆದದ್ದನ್ನ ಇವರಿಗೆ ಹೇಳಿಲ್ಲ. ಕಾರ್ ಶೆಡ್ಡಿನ ಬಾಗಿಲೇ ಗೋಲು. ನಾನು ಚೂಡಿದಾರ್ ಹಾಕಿಕೊಂಡು, ವೇಲ್ ಸೊಂಟಕ್ಕೆ ಬಿಗಿದು ನಿಂತೆ. ಟೆನಿಸ್ ಚೆಂಡು. ಜೆನಿಫರ್ ಒಗೆಯೋ ಬಟ್ಟೆ ಬಿಟ್ಟು ಚೆಂಡು ತಳ್ಳೋಕೆ ನಿಂತಳು. "ಈ ಮುದುಕಿ ಸತ್ತರೆ ನನ್ನನ್ನ ಕೇಳಬೇಡಿ," ಅಂತ ಅಸ್ಕಾರಿಗೆ ಕೂಗಿ ಹೇಳಿದಳು. ಮೊಣಕೈ ಎದ್ದಾಗೆಲ್ಲ ನಾನು "ಬಲಕ್ಕೆ" ಅನ್ನುತ್ತಿದ್ದೆ, ನೆಕೇಸಾ ಹಲ್ಲು ಕಚ್ಚುತ್ತಿದ್ದಳು. ತೊಡೆ ಮೇಲೆ ಒಂದು ರೂಪಾಯಿಯಷ್ಟು ನೀಲಿ ಗುರುತು ಎದ್ದಿದೆ. ಒತ್ತಿದರೆ ನೋಯುತ್ತೆ. ಆಗಾಗ ಒತ್ತಿ ನೋಡಿಕೊಳ್ತಿದೀನಿ.

ಅಕ್ಟೋಬರ್ 14, ಮಂಗಳವಾರ

ಸಂಜೆ ನೆಕೇಸಾ ಮತ್ತೆ ಬಂದಿದ್ದಳು, ಸ್ಕೂಲಿನಿಂದ ನೇರ. ಅವಳು ಕವಾಂಗ್‌ವಾರೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳ್ತಾಳೆ. ಮೊಣಕೈಗೆ ನನ್ನ ಹಳೇ ವೇಲ್ ಕಟ್ಟಿ ಮೈಗೆ ಬಿಗಿದೆ. ಕಟ್ಟಿದರೆ ಬೀಸು ಬರಲ್ಲ, ಬಿಚ್ಚಿದರೆ ಮೊಣಕೈ ಏಳುತ್ತೆ. "ಬೇರೆ ದಾರಿ," ಅಂದೆ. "ಎರಡೂ ಕಡೆಗೆ ಹೊಡೆಯೋವಾಗಲೂ ಎತ್ತು." ನೆಕೇಸಾ ನನ್ನ ಮುಖ ನೋಡಿ ಜೋರಾಗಿ ನಕ್ಕಳು. ಅವಳು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ಮುಂದಿನ ಹಲ್ಲುಗಳ ನಡುವೆ ಸಂದು ಇದೆ.

ಇವರಿಗೆ ಫೋನ್ ಮಾಡಿ ಟಿಕೆಟ್ ಮೂರು ದಿನ ಮುಂದೆ ಹಾಕಿಸಿ ಅಂದೆ.

"ಯಾಕೆ? ಮೈಗೆ ಹುಷಾರಿಲ್ವಾ?"

"ಭಾನುವಾರ ಒಂದು ಮ್ಯಾಚ್ ಇದೆ. ಒಂದೇ ಒಂದು. ಸೋಮವಾರ ಹೊರಡ್ತೀನಿ."

"ಸೋಮವಾರ ನರಕ ಚತುರ್ದಶಿ ಕಣೇ. ಹಬ್ಬದ ದಿನ ವಿಮಾನದಲ್ಲಿರ್ತೀಯಾ?"

ಅದನ್ನ ಯೋಚನೆ ಮಾಡಿರಲಿಲ್ಲ. ಹಾಗಾದರೆ ಸದ್ಯಕ್ಕೆ ಟಿಕೆಟ್ ನಿಲ್ಲಿಸಿ ಅಂದೆ.

ಅಕ್ಟೋಬರ್ 19, ಭಾನುವಾರ

ಮೋಡ ಇತ್ತು, ಮಳೆ ಬರಲಿಲ್ಲ. ದೊಡ್ಡ ಡಬ್ಬಿ ತಗೊಂಡು ಹೋದೆ, ಉಪ್ಪು ಸರಿಯಾಗಿ ಹಾಕಿ.

ಯಾರಾದರೂ ಏನಾದರೂ ಅಂತಾರೇನೋ ಅಂತ ಗೇಟಲ್ಲೇ ಹತ್ತು ಸಲ ನಿಂತೆ. ವಂಜಿರು ನೋಡಿ, "ಗೂಢಚಾರಿಣಿ ಆಂಟಿ ಬಂದ್ರು," ಅಂತ ಕಿಸಕ್ಕನೆ ನಕ್ಕಳು. ಮುತುವಾ, "ಮಾಮಾ, ಇವತ್ತು ಎಲ್ಲಿ ಕೂರ್ತೀಯ ಮೊದಲೇ ಹೇಳು, ನನಗೂ ಎದೆ ಗಟ್ಟಿ ಇಲ್ಲ," ಅಂದ.

ಎದುರಾಳಿಗಳ ಗೋಲಿನ ಹಿಂದೆ ಹೋಗಿ ಕೂತೆ. ಎರಡು ವರ್ಷದಲ್ಲಿ ಬೇಕು ಅಂತಲೇ ಆ ಕಡೆ ಕೂತಿದ್ದು ಇದೇ ಮೊದಲು. ಅಲ್ಲಿಂದ ನಮ್ಮ ಹುಡುಗೀರ ಮುಖ ಕಾಣುತ್ತೆ. ಇಷ್ಟು ದಿನ ಬೆನ್ನು ನೋಡಿಯೇ ಹೆಸರು ಹೇಳುತ್ತಿದ್ದೆ. ಅವರು ಓಡಿ ಬರುವಾಗ ಇಷ್ಟೊಂದು ಹೆದರಿರ್ತಾರೆ ಅಂತ ಗೊತ್ತೇ ಇರಲಿಲ್ಲ.

ಮೊದಲ ಎರಡು ಕಾರ್ನರ್ ಹೋದವು. ಮೂರನೆಯದಕ್ಕೆ ನೆಕೇಸಾ ಬಂದು ನಿಂತಳು. ಚೆಂಡು ತಳ್ಳಿದರು, ನಿಲ್ಲಿಸಿದರು, ಅವಳ ಮೊಣಕೈ ಎದ್ದಿತು. ಎದುರಾಳಿ ಗೋಲಿ ಬಲಕ್ಕೆ ಹೊರಟಳು. ನಾನು ಅವಳಿಗಿಂತ ಬುದ್ಧಿವಂತೆ ಅಲ್ವಾ, ಇವಳು ಸುಳ್ಳು ಮೊಣಕೈ ಎತ್ತಿದಾಳೆ, ಎಡಕ್ಕೇ ಹೊಡೆಯೋದು ಅಂತ ಬೇಲಿ ಹಿಡಿದು ಎಡಕ್ಕೆ ವಾಲಿದೆ.

ಚೆಂಡು ಇಬ್ಬರನ್ನೂ ಬಿಟ್ಟು ನಟ್ಟನಡುವೆ, ಆ ಗೋಲಿ ಮೊದಲು ನಿಂತಿದ್ದ ಜಾಗದಲ್ಲೇ ನುಗ್ಗಿ ಗೋಲಿನ ಹಿಂದಿನ ಹಲಗೆಗೆ ಬಡಿಯಿತು. ನನ್ನ ಮೂಗಿನ ಮುಂದೆ. ಹಲಗೆಯ ಸದ್ದು ಇನ್ನೂ ಕಿವಿಯಲ್ಲಿದೆ.

ನೆಕೇಸಾ ಕುಣಿಯಲಿಲ್ಲ. ಬೇಲಿ ತನಕ ಓಡಿ ಬಂದು, ತಂತಿಗೆ ಹಣೆ ಹಚ್ಚಿ, ಏದುಸಿರು ಬಿಡುತ್ತಾ ಕೇಳಿದಳು: "ಕೂಗಲಿಲ್ಲ ಯಾಕೆ?"

"ಗೊತ್ತಾಗಲಿಲ್ಲ," ಅಂದೆ.

ಒಂದು-ಸೊನ್ನೆ. ಗೆದ್ದೆವು. ಡಬ್ಬಿ ಕೈಯಿಂದ ಕೈಗೆ ಹೋಗಿ ನನ್ನ ಹತ್ತಿರ ಬರೋ ಹೊತ್ತಿಗೆ ಕಡಲೇಬೀಜ ಎರಡು ಉಳಿದಿದ್ದವು.

ಮನೆಗೆ ಬಂದು ನಾಳೆಗೆ ಎಣ್ಣೆಬಟ್ಟಲು ತೆಗೆದಿಡುವಾಗ ಇವರ ಫೋನ್.

"ಟಿಕೆಟ್ ಏನು ಮಾಡ್ಲಿ ವಿನೂ? ಹಬ್ಬ ಆದ ಮೇಲೆ ಶುಕ್ರವಾರಕ್ಕೆ ಇದೆ."

"ಮುಂದಿನ ಭಾನುವಾರ ಲಂಗಾಟಾದವರ ಜೊತೆ ಎರಡನೇ ಸುತ್ತು ರೀ."

ಆ ಕಡೆ ಇವರು ನಕ್ಕ ಸದ್ದು. "ಗೋಲಲ್ಲಿ ನಿಮ್ಮ ಅಕಿನಿ. ಹೊಡೆಯೋಳು ಆ ಇನ್ನೊಬ್ಬಳು. ನೀನು ಯಾವ ಕಡೆ ಕೂರ್ತೀಯ?"

ಹೆಸರು ನೆನಪಿಟ್ಟುಕೊಂಡಿದಾರೆ.

ಮಧ್ಯದ ಮೆಟ್ಟಿಲಲ್ಲಿ ಬಾಯಿ ಮುಚ್ಚಿಕೊಂಡು ಕೂರ್ತೀನಿ ಅಂದೆ. ಆಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಫೋನ್ ಇಟ್ಟ ಮೇಲೆ ಮನೆ ಮತ್ತೆ ಸುಮ್ಮನಾಯಿತು. ಡಬ್ಬಿ ತೊಳೆದು ಬೋರಲು ಹಾಕಿದೆ. ನಿಂಬೆಹಣ್ಣು ತರಿಸಬೇಕು, ಜಾಸ್ತಿ. ಮುಂದಿನ ವಾರ ಬೇಲಿಯ ಎರಡೂ ಕಡೆ ತಿನ್ನೋರಿರ್ತಾರೆ.